ಕೀಮೋದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ, ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 54 ವರ್ಷ. ಸ್ತನ ಕ್ಯಾನ್ಸರ್ ಆಗಿದ್ದು, ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೋ ಆರಂಭಿಸಿದ್ದಾರೆ. ಮೂರು ವಾರಕ್ಕೊಮ್ಮೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್, ನಾಲ್ಕು ಸಲ. ಆಮೇಲೆ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್. ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಮದುವೆ ಜಾತ್ರೆಗಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಸೈಕ್ಲೋಫಾಸ್ಫಮೈಡ್ ಔಷಧವು ನಿಯಂತ್ರಕ ಟಿ ಕೋಶಗಳನ್ನು ಕೊಂದು ನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ, ಅದೂ ಕಡಿಮೆ ಡೋಸಿನಲ್ಲಿ ಎಂದು ಒಂದು ಲೇಖನದಲ್ಲಿ ಓದಿದೆ. ಯಾವುದನ್ನು ನಂಬಲಿ? ಡೋಸ್ ಕಡಿಮೆ ಮಾಡಲು ಕೇಳಬಹುದೇ? ಈ ಕೋಶಗಳನ್ನು ಎಣಿಸುವ ಪರೀಕ್ಷೆ ಮಾಡಿಸಬೇಕೇ? ನೆಂಟರು ಅಮೃತಬಳ್ಳಿಯ ಕಷಾಯ ಕೊಡಲು ಒತ್ತಾಯಿಸುತ್ತಿದ್ದಾರೆ, ಕೊಡಬಹುದೇ?

ಉತ್ತರ: ನಿಮ್ಮ ತಾಯಿಯವರ ಡಾಕ್ಟರು ಹೇಳಿದ್ದು ಸರಿ. ನೀವು ಓದಿದ್ದೂ ಸುಳ್ಳಲ್ಲ. ಎರಡೂ ಏಕಕಾಲಕ್ಕೆ ನಿಜವಾಗುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು: ಡೋಸ್ ಕಡಿಮೆ ಮಾಡಿ ಎಂದು ಕೇಳಬೇಡಿ. ಉಳಿದದ್ದನ್ನು ಓದಲು ಇವತ್ತು ಸಮಯ ಸಿಗದಿದ್ದರೂ ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಗೊಂದಲ ಶುರುವಾಗುವುದು ‘ರೋಗನಿರೋಧಕ ಶಕ್ತಿ’ ಎಂಬ ಪದದಿಂದಲೇ. ಶಕ್ತಿ ಎಂದಾಗ ಮನೆಯ ಮೇಲಿನ ಟ್ಯಾಂಕಿನ ನೀರಿನಂತೆ ಏರುವ, ಇಳಿಯುವ ಒಂದೇ ವಸ್ತು ಕಣ್ಣಮುಂದೆ ಬರುತ್ತದೆ. ದೇಹದಲ್ಲಿ ಅಂಥ ಒಂದು ವಸ್ತು ಇಲ್ಲ. ಬೇರೆ ಬೇರೆ ಕಸುಬಿನ ಹತ್ತಾರು ಬಗೆಯ ಕೋಶಗಳಿವೆ, ಅವುಗಳಲ್ಲಿ ಕೆಲವು ಇನ್ನು ಕೆಲವನ್ನು ತಡೆಯುತ್ತವೆ. ಡಾಕ್ಟರು ‘ಕೌಂಟ್ ಬಿದ್ದಿದೆ’ ಎನ್ನುವಾಗ ಮುಖ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಮಾತನ್ನು ಆಡುತ್ತಿರುತ್ತಾರೆ. ಬ್ಯಾಕ್ಟೀರಿಯಾ ಒಳನುಗ್ಗಿದರೆ ಮೊದಲು ಓಡಿ ಬರುವವು ಇವು. ಇವುಗಳ ಆಯುಸ್ಸು ಬಹಳ ಕಡಿಮೆ, ಮೂಳೆಯ ಮಜ್ಜೆ ದಿನವೂ ಹೊಸದನ್ನು ತಯಾರಿಸುತ್ತಲೇ ಇರಬೇಕು. ಕೀಮೋ ಆ ತಯಾರಿಯನ್ನು ಕೆಲವು ದಿನ ನಿಲ್ಲಿಸುತ್ತದೆ. ಆದ್ದರಿಂದ ಔಷಧ ಕೊಟ್ಟ ಹತ್ತರಿಂದ ಹದಿನಾಲ್ಕನೆಯ ದಿನದ ಸುಮಾರಿಗೆ ಕೌಂಟ್ ತೀರ ಕೆಳಗೆ ಇಳಿದು, ಮುಂದಿನ ಸೈಕಲ್ ಹೊತ್ತಿಗೆ ಮತ್ತೆ ಏರುತ್ತದೆ. ಜಾತ್ರೆಗೆ ಹೋಗಬೇಡಿ ಎಂದದ್ದು ಇದಕ್ಕೇ.

ನೀವು ಓದಿದ ಲೇಖನ ಹೇಳಿದ್ದು ಬೇರೆಯೇ ಬಗೆಯ ಕೋಶದ ಬಗ್ಗೆ. ಅದರ ಹೆಸರು ನಿಯಂತ್ರಕ ಟಿ ಕೋಶ, ಟಿ ಕೋಶಗಳೂ ಬಿಳಿ ರಕ್ತಕಣಗಳೇ. ಪ್ರಯೋಗಾಲಯಗಳಲ್ಲಿ ನಾವು ಟಿ-ರೆಗ್ ಎನ್ನುತ್ತೇವೆ.

ಈ ಕೋಶದ ಕಥೆ ಇಲಿ ಮರಿಗಳಿಂದ ಆರಂಭವಾಗುತ್ತದೆ. 1969ರಲ್ಲಿ ಜಪಾನಿನ ನಗೋಯಾದಲ್ಲಿ ನಿಶಿಝುಕಾ ಮತ್ತು ಸಕಾಕುರಾ ಎಂಬ ವಿಜ್ಞಾನಿಗಳು ಹುಟ್ಟಿದ ಮೂರನೆಯ ದಿನಕ್ಕೆ ಇಲಿ ಮರಿಗಳ ಥೈಮಸ್ ಗ್ರಂಥಿಯನ್ನು ತೆಗೆದರು. ಎದೆಯ ಮೂಳೆಯ ಹಿಂದಿರುವ ಈ ಗ್ರಂಥಿ ಟಿ ಕೋಶಗಳು ಬಲಿಯುವ ಜಾಗ. ಅದನ್ನು ತೆಗೆದರೆ ನಿರೋಧಕ ವ್ಯವಸ್ಥೆ ಸಪ್ಪೆಯಾಗಬೇಕಿತ್ತು. ಆದದ್ದು ತದ್ವಿರುದ್ಧ, ಮರಿಗಳ ಅಂಡಾಶಯವೇ ನಾಶವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ದೇಹ ತನ್ನನ್ನೇ ತಿಂದುಕೊಂಡಿತ್ತು. ಏಕೆ? ಅದೇ ನಗೋಯಾದ ಗುಂಪಿಗೆ ಮುಂದೆ ಸೇರಿಕೊಂಡ ಶಿಮೋನ್ ಸಕಾಗುಚಿ ಈ ಪ್ರಶ್ನೆಯನ್ನು ವರ್ಷಾನುಗಟ್ಟಲೆ ಬಿಡಲಿಲ್ಲ. ಥೈಮಸ್‌ನಿಂದ ಸ್ವಲ್ಪ ತಡವಾಗಿ ಹೊರಬರುವ ಒಂದು ಬಗೆಯ ಟಿ ಕೋಶ ಉಳಿದವನ್ನು ಹಿಡಿದು ನಿಲ್ಲಿಸುತ್ತಿರಬೇಕು, ಮೂರನೆಯ ದಿನಕ್ಕೇ ಗ್ರಂಥಿ ತೆಗೆದರೆ ಅದು ಹೊರಬರುವುದೇ ಇಲ್ಲ ಎಂಬುದು ಅವರ ಊಹೆ. ಆಗ ಇಂಥ ಮಾತಿಗೆ ಬೆಲೆ ಇರಲಿಲ್ಲ. 1970ರ ದಶಕದಲ್ಲಿ ‘ದಮನಕಾರಿ ಟಿ ಕೋಶ’ ಎಂದು ಎಲ್ಲರೂ ಉತ್ಸಾಹದಿಂದ ಬರೆದು, 80ರ ದಶಕದಲ್ಲಿ ಸಾಕ್ಷ್ಯಗಳು ಕುಸಿದು ಆ ವಿಷಯವನ್ನೇ ಕೈಬಿಟ್ಟಿದ್ದರು. 1995ರಲ್ಲಿ ಸಕಾಗುಚಿ ಸಿಡಿ25 ಎಂಬ ಗುರುತನ್ನು ಹೊತ್ತ ಕೋಶಗಳನ್ನು ಹೆಕ್ಕಿ ತೋರಿಸಿದರು. ಅವನ್ನು ಬಿಟ್ಟು ಉಳಿದ ಟಿ ಕೋಶಗಳನ್ನು ಕೊಟ್ಟರೆ ಇಲಿಗೆ ಸ್ವಯಂನಿರೋಧಕ ರೋಗ ಬರುತ್ತಿತ್ತು, ಅವನ್ನೂ ಸೇರಿಸಿ ಕೊಟ್ಟರೆ ಬರುತ್ತಿರಲಿಲ್ಲ.

2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಮೈತುಂಬ ಹೊಪ್ಪಳೆ ಎದ್ದು ಕೆಲವೇ ವಾರಗಳಲ್ಲಿ ಸಾಯುವ ಒಂದು ಇಲಿ ತಳಿಯಲ್ಲಿ ಕೆಟ್ಟಿದ್ದ ಜೀನನ್ನು ಅವರು ಹುಡುಕಿ ತೆಗೆದರು. ಅದು ಫಾಕ್ಸ್‌ಪಿ3. ಅದೇ ಜೀನ್ ಕೆಟ್ಟರೆ ಮನುಷ್ಯರಲ್ಲಿ ಐಪೆಕ್ಸ್ ಎಂಬ ಕಾಯಿಲೆ ಬರುತ್ತದೆ. ಗಂಡು ಮಕ್ಕಳಿಗೆ ಹಸುಗೂಸಾಗಿರುವಾಗಲೇ ಮಧುಮೇಹ, ನಿಲ್ಲದ ಭೇದಿ, ಚರ್ಮದ ಉರಿಯೂತ. ಟಿ-ರೆಗ್ ಕೋಶಗಳನ್ನು ಟಿ-ರೆಗ್ ಆಗಿ ಮಾಡುವುದೇ ಫಾಕ್ಸ್‌ಪಿ3 ಎಂದು 2003ರ ಹೊತ್ತಿಗೆ ಖಚಿತವಾಯಿತು. ಬ್ರಂಕೋ, ರ‍್ಯಾಮ್ಸ್‌ಡೆಲ್, ಸಕಾಗುಚಿ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಐಪೆಕ್ಸ್ ಮಕ್ಕಳ ವಿಚಾರವನ್ನು ಬೇಕೆಂದೇ ಹೇಳಿದೆ. ಟಿ-ರೆಗ್ ಕೋಶಗಳನ್ನು ಕೊಲ್ಲುವುದು ಒಳ್ಳೆಯದು ಎಂದು ಓದಿದವರು, ಅವು ಹುಟ್ಟಿನಿಂದಲೇ ಇಲ್ಲದ ಮಗುವಿನ ಸ್ಥಿತಿಯನ್ನೂ ತಿಳಿದಿರಬೇಕು.

ಎತ್ತಿಗೆ ಮೂಗುದಾರ ಹೇಗೋ ನಿರೋಧಕ ವ್ಯವಸ್ಥೆಗೆ ಈ ಕೋಶಗಳು ಹಾಗೆ. ದಾರವನ್ನು ಎಳೆದು ಹಿಡಿಯಲು ಇವುಗಳಿಗೆ ಹಲವು ದಾರಿಗಳಿವೆ. ಟಿ ಕೋಶಗಳು ಬೆಳೆಯಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಪೋಷಕವನ್ನು ಇವು ತಾವೇ ಹೀರಿಕೊಂಡು ಉಳಿದವಕ್ಕೆ ಸಿಗದಂತೆ ಮಾಡುತ್ತವೆ. ಸಿಟಿಎಲ್‌ಎ-4 ಎಂಬ ಕೈಯಿಂದ, ದಾಳಿಗೆ ಕರೆಕೊಡುವ ಕೋಶಗಳ ಮೇಲಿನ ಸಂಕೇತಗಳನ್ನೇ ಕಿತ್ತುಹಾಕುತ್ತವೆ. ಸಿಡಿ39 ಎಂಬ ಕಿಣ್ವದಿಂದ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಒಡೆದು, ಕೊನೆಗೆ ಅಡಿನೊಸಿನ್ ಎಂಬ ಶಾಮಕ ವಸ್ತು ಹುಟ್ಟುವಂತೆ ಮಾಡುತ್ತವೆ. ಈ ಸಿಡಿ39 ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕ್ಯಾನ್ಸರ್ ಗಡ್ಡೆ ಈ ಮೂಗುದಾರವನ್ನೇ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. ಅಂಡಾಶಯದ ಕ್ಯಾನ್ಸರ್ ಸಿಸಿಎಲ್22 ಎಂಬ ರಾಸಾಯನಿಕವನ್ನು ಚೆಲ್ಲಿ ಟಿ-ರೆಗ್ ಕೋಶಗಳನ್ನು ತನ್ನತ್ತ ಕರೆದುಕೊಳ್ಳುತ್ತದೆ, ಅವು ಹೆಚ್ಚು ನೆರೆದಷ್ಟೂ ರೋಗಿಯ ಆಯುಸ್ಸು ಕಡಿಮೆ ಎಂದು 2004ರಲ್ಲಿ ತಿಳಿದುಬಂತು. ಗಡ್ಡೆಯನ್ನು ಕೊಲ್ಲಲು ಬಂದ ಟಿ ಕೋಶಗಳು ಬಾಗಿಲಲ್ಲೇ ತಡೆಹಿಡಿಯಲ್ಪಡುತ್ತವೆ. ಹಾಗೆಂದು ಎಲ್ಲ ಕ್ಯಾನ್ಸರ್‌ಗಳಿಗೂ ಇದೇ ನಿಯಮವಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಈ ಕೋಶಗಳು ಹೆಚ್ಚಿದ್ದವರೇ ಚೆನ್ನಾಗಿ ಬದುಕಿದ ಅಧ್ಯಯನಗಳಿವೆ. ಅಲ್ಲಿ ಕರುಳಿನ ಬ್ಯಾಕ್ಟೀರಿಯಾದಿಂದ ಏಳುವ ಉರಿಯೂತವನ್ನು ಅವು ತಗ್ಗಿಸುತ್ತವೆ ಎಂಬುದು ಸದ್ಯದ ವಿವರಣೆ.

ಇವುಗಳನ್ನು ನೋಡುವುದು ಹೇಗೆ ಎಂದು ಸ್ವಲ್ಪ ಹೇಳಬೇಕು, ಪರೀಕ್ಷೆಯ ಬಗ್ಗೆ ನೀವು ಕೇಳಿದ್ದೀರಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರೋಗಿಯ ರಕ್ತ ಬರುತ್ತದೆ. ಅದಕ್ಕೆ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವ ಪ್ರತಿಕಾಯಗಳನ್ನು ಹನಿಸಿ, ಕತ್ತಲೆಯಲ್ಲಿ ಅರ್ಧ ಗಂಟೆ ಇಡುತ್ತೇವೆ. ಟಿ ಕೋಶಗಳ ಒಂದು ಬಗೆಯ ಗುರುತಾದ ಸಿಡಿ4ಕ್ಕೆ ಒಂದು ಬಣ್ಣ, ಸಿಡಿ25ಕ್ಕೆ ಇನ್ನೊಂದು. ಫಾಕ್ಸ್‌ಪಿ3 ಇರುವುದು ಕೋಶದ ಕೇಂದ್ರದೊಳಗೆ. ಹಾಗಾಗಿ ಕೋಶವನ್ನು ಮೊದಲು ಗಟ್ಟಿಮಾಡಿ, ಆಮೇಲೆ ಅದರ ಪೊರೆಯಲ್ಲಿ ರಂಧ್ರ ಮಾಡಿ ಬಣ್ಣವನ್ನು ಒಳಕ್ಕೆ ಬಿಡಬೇಕು. ನಂತರ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಕೋಶಗಳು ಒಂದರ ಹಿಂದೊಂದು ಸಾಲಾಗಿ ಲೇಸರ್ ಕಿರಣದ ಮುಂದೆ ಹಾಯುತ್ತವೆ. ಪರದೆಯ ಮೇಲೆ ಒಂದೊಂದು ಕೋಶವೂ ಒಂದು ಚುಕ್ಕೆ. ಸಾವಿರಾರು ಚುಕ್ಕೆಗಳು ರಾಗಿ ಚೆಲ್ಲಿದಂತೆ ಒಂದು ಕಡೆ ರಾಶಿ ಬಿದ್ದಿರುತ್ತವೆ, ಬಲಗಡೆ ಮೇಲಿನ ಮೂಲೆಯಲ್ಲಿ ಮಾತ್ರ ಒಂದು ಚಿಕ್ಕ ಗುಂಪು ದೂರ ನಿಂತಿರುತ್ತದೆ. ಅದೇ ಟಿ-ರೆಗ್. ಆರೋಗ್ಯವಂತರ ರಕ್ತದಲ್ಲಿ ಸಿಡಿ4 ಕೋಶಗಳ ಶೇಕಡಾ 5ರಿಂದ 10ರಷ್ಟು. ಅಷ್ಟು ಚಿಕ್ಕ ಗುಂಪು ಇಷ್ಟು ದೊಡ್ಡ ರಾಶಿಯನ್ನು ಹಿಡಿದಿಟ್ಟಿದೆ ಎಂಬುದು ಪ್ರತಿ ಸಲ ಪರದೆಯ ಮುಂದೆ ಕುಳಿತಾಗಲೂ ನನಗೆ ಹೊಸದಾಗಿಯೇ ಕಾಣುತ್ತದೆ.

ಈಗ ನಿಮ್ಮ ಸೈಕ್ಲೋಫಾಸ್ಫಮೈಡ್‌ಗೆ ಬರೋಣ. ಕೀಮೋ ಔಷಧಗಳಲ್ಲಿ ಇದರಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. 1950ರ ದಶಕದಲ್ಲಿ ಜರ್ಮನಿಯ ಆಸ್ಟಾ ಕಂಪನಿಯಲ್ಲಿ ನಾರ್ಬರ್ಟ್ ಬ್ರಾಕ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಔಷಧ ನಿಷ್ಕ್ರಿಯವಾಗಿಯೇ ದೇಹ ಸೇರಿ, ಕ್ಯಾನ್ಸರ್ ಗಡ್ಡೆಯೊಳಗೆ ಮಾತ್ರ ವಿಷವಾಗಲಿ ಎಂಬುದು ಅವರ ಆಸೆ. ಹಾಗಾಗಲಿಲ್ಲ. ಅದನ್ನು ಚುರುಕುಗೊಳಿಸುವುದು ನಮ್ಮ ಯಕೃತ್ತು. ಅಲ್ಲಿಂದ ಹೊರಬಿದ್ದ ರೂಪ ರಕ್ತದಲ್ಲಿ ಎಲ್ಲ ಕಡೆಗೂ ಹೋಗಿ, ಕೋಶಗಳ ಒಳಗೆ ಎರಡಾಗಿ ಒಡೆಯುತ್ತದೆ. ಒಂದು ಭಾಗ ಡಿಎನ್‌ಎ ಎಳೆಗಳನ್ನು ಪರಸ್ಪರ ಬೆಸೆದು ಕೋಶವನ್ನು ಕೊಲ್ಲುತ್ತದೆ. ಇನ್ನೊಂದು ಅಕ್ರೋಲಿನ್, ಮೂತ್ರಕೋಶವನ್ನು ಸುಡುವುದು ಅದೇ. ಹೆಚ್ಚು ನೀರು ಕುಡಿಯಿರಿ ಎಂದು ನಿಮ್ಮ ತಾಯಿಯವರಿಗೆ ನರ್ಸ್ ಪದೇ ಪದೇ ಹೇಳುವುದು ಇದಕ್ಕಾಗಿ.

ಔಷಧದ ಎರಡನೆಯ ಮುಖ ಕಂಡದ್ದು ಆಮೇಲೆ. 1982ರಲ್ಲಿ ಅಮೆರಿಕದ ರಾಬರ್ಟ್ ನಾರ್ತ್ ಮಾಡಿದ ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುತ್ತೇನೆ. ಗಡ್ಡೆ ಬೆಳೆದ ಇಲಿಗೆ ಆ ಗಡ್ಡೆಯ ವಿರುದ್ಧ ಹೋರಾಡಬಲ್ಲ ಟಿ ಕೋಶಗಳನ್ನು ಕೊಟ್ಟರು. ಗಡ್ಡೆ ಕರಗಲಿಲ್ಲ. ಸೈಕ್ಲೋಫಾಸ್ಫಮೈಡ್ ಒಂದನ್ನೇ ಕೊಟ್ಟರು. ಆಗಲೂ ಗಡ್ಡೆ ಹೋಗಲಿಲ್ಲ. ಮೊದಲು ಔಷಧ, ಬೆನ್ನಿಗೇ ಟಿ ಕೋಶಗಳನ್ನು ಕೊಟ್ಟಾಗ ಗಡ್ಡೆ ಕರಗಿತು. ಕೊನೆಯ ಹೆಜ್ಜೆಯೇ ಮುಖ್ಯ: ಗಡ್ಡೆಯಿರುವ ಇನ್ನೊಂದು ಇಲಿಯಿಂದ ತೆಗೆದ ಟಿ ಕೋಶಗಳನ್ನು ಸೇರಿಸಿದ ಕೂಡಲೇ ಚಿಕಿತ್ಸೆ ಮತ್ತೆ ವಿಫಲವಾಯಿತು. ಔಷಧ ಯಾವುದನ್ನು ತೆಗೆದಿತ್ತೋ ಅದನ್ನು ಮರಳಿ ಇಟ್ಟಂತಾಯಿತು. ದಮನಕಾರಿ ಕೋಶಗಳ ಹೆಸರೆತ್ತುವುದೇ ಕಷ್ಟವಾಗುತ್ತಿದ್ದ ದಶಕದಲ್ಲಿ ಇಷ್ಟು ಸ್ವಚ್ಛವಾದ ಸಾಕ್ಷ್ಯ ಬಂದಿತ್ತು.

ಮನುಷ್ಯರಲ್ಲಿ ಇದನ್ನು ಗಟ್ಟಿಯಾಗಿ ತೋರಿಸಿದವರು ಫ್ರಾನ್ಸಿನ ಘಿರಿಂಘೆಲ್ಲಿ ಮತ್ತು ತಂಡ, 2007ರಲ್ಲಿ. ಬೇರೆ ಚಿಕಿತ್ಸೆಗಳೆಲ್ಲ ಮುಗಿದಿದ್ದ ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ 50 ಮಿಲಿಗ್ರಾಂ ಮಾತ್ರೆ ದಿನಕ್ಕೆರಡು, ಒಂದು ವಾರ ಕೊಟ್ಟು ಒಂದು ವಾರ ಬಿಡುವುದು. ರಕ್ತದ ಟಿ-ರೆಗ್ ಕೋಶಗಳು ಇಳಿದವು, ಉಳಿದ ಟಿ ಕೋಶಗಳೂ ನ್ಯಾಚುರಲ್ ಕಿಲ್ಲರ್ ಕೋಶಗಳೂ ಚುರುಕಾದವು. ಡೋಸ್ ಏರಿಸಿದರೆ ಈ ಭೇದ ಅಳಿಸಿಹೋಗಿ ಎಲ್ಲ ಲಿಂಫೋಸೈಟ್‌ಗಳೂ (ಟಿ ಕೋಶಗಳು ಸೇರಿರುವ ಬಿಳಿ ರಕ್ತಕಣಗಳ ಗುಂಪು) ಒಟ್ಟಿಗೆ ಬೀಳುತ್ತವೆ. ನೀವು ಓದಿದ ಲೇಖನ ಬಹುಶಃ ಇಂಥ ಕೆಲಸವನ್ನೇ ಆಧರಿಸಿದ್ದು.

ಕಡಿಮೆ ಡೋಸಿಗೆ ಈ ಕೋಶಗಳೇ ಮೊದಲು ಬಲಿಯಾಗುವುದೇಕೆ? ಒಂದು ಕಾರಣ, ಇವು ಸುಮ್ಮನೆ ಕುಳಿತಿರುವ ಕೋಶಗಳಲ್ಲ. ಉಳಿದ ಟಿ ಕೋಶಗಳಿಗಿಂತ ಬೇಗ ಬೇಗ ವಿಭಜಿಸುತ್ತಿರುತ್ತವೆ, ಡಿಎನ್‌ಎಗೆ ಬೆಸುಗೆ ಹಾಕುವ ಔಷಧ ವಿಭಜಿಸುವ ಕೋಶಕ್ಕೇ ಹೆಚ್ಚು ಹಾನಿ ಮಾಡುತ್ತದೆ. ಇನ್ನೊಂದು ಕಾರಣ 2010ರಲ್ಲಿ ತಿಳಿಯಿತು. ಈ ಕೋಶಗಳ ಒಳಗೆ ಎಟಿಪಿ ಕಡಿಮೆ ಇರುತ್ತದೆ. ನೆನಪಿಡಿ ಎಂದಿದ್ದ ಸಿಡಿ39 ಇದಕ್ಕೆ ಒಂದು ಕಾರಣ. ಎಟಿಪಿ ಕಡಿಮೆಯಾದರೆ ಗ್ಲುಟಾಥಯೋನ್ ತಯಾರಿ ಕುಗ್ಗುತ್ತದೆ, ಈ ಔಷಧದ ವಿಷವನ್ನು ಹಿಡಿದು ತಟಸ್ಥಗೊಳಿಸುವುದು ಗ್ಲುಟಾಥಯೋನ್. ಇತರರನ್ನು ಶಾಂತಗೊಳಿಸಲು ಬಳಸುವ ಆಯುಧದಿಂದಲೇ ಟಿ-ರೆಗ್ ಕೋಶ ತನ್ನ ಕವಚವನ್ನು ತೆಳುಮಾಡಿಕೊಂಡಿರುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಲಭವಾಗಿತ್ತು. ಆದರೆ ಇದೇ ಔಷಧ ಇದೇ ಕೋಶವನ್ನು ಉಳಿಸುವುದೂ ಉಂಟು, ಅದೂ ಹತ್ತಾರು ಪಟ್ಟು ಹೆಚ್ಚಿನ ಡೋಸಿನಲ್ಲಿ.

ರಕ್ತದ ಕ್ಯಾನ್ಸರ್‌ಗೆ ಬೇರೆಯವರ ಕಾಂಡಕೋಶಗಳನ್ನು ಕಸಿ ಮಾಡುವಾಗ ದಾನಿಯ ಟಿ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ತಿಳಿದು ಚರ್ಮ, ಕರುಳು, ಯಕೃತ್ತುಗಳ ಮೇಲೆ ಬೀಳುತ್ತವೆ. ಇದನ್ನು ತಡೆಯಲು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಒಂದು ಕ್ರಮವನ್ನು ರೂಪಿಸಿದರು. ಕಸಿಯಾದ ಮೂರು ಮತ್ತು ನಾಲ್ಕನೆಯ ದಿನ ಕಿಲೋಗೆ 50 ಮಿಲಿಗ್ರಾಂನಂತೆ ಸೈಕ್ಲೋಫಾಸ್ಫಮೈಡ್. 60 ಕಿಲೋ ತೂಕದವರಿಗೆ ದಿನಕ್ಕೆ 3,000 ಮಿಲಿಗ್ರಾಂ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಈಗಷ್ಟೇ ಕೊಟ್ಟ ಕಸಿಯೇ ಸಾಯಬೇಡವೇ? ಸಾಯುವುದಿಲ್ಲ. ರೋಗಿಯ ದೇಹವನ್ನು ಕಂಡು ಸಿಟ್ಟಿಗೆದ್ದ ಟಿ ಕೋಶಗಳು ಸರಿಯಾಗಿ ಆ ಹೊತ್ತಿಗೆ ಭರದಿಂದ ವಿಭಜಿಸುತ್ತಿರುತ್ತವೆ, ಪೆಟ್ಟು ಅವಕ್ಕೆ ಬೀಳುತ್ತದೆ. ರಕ್ತದ ಕಾಂಡಕೋಶಗಳಲ್ಲಿ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಧಾರಾಳವಾಗಿದ್ದು, ಔಷಧ ವಿಷವಾಗುವ ಮುನ್ನವೇ ಅದನ್ನು ಮುರಿದು ಹಾಕುತ್ತದೆ. ಪರಕೀಯ ಅಂಗಾಂಶವನ್ನು ಎದುರಿಸಿ ಎಚ್ಚೆತ್ತ ಟಿ-ರೆಗ್ ಕೋಶಗಳೂ ಇದೇ ಕಿಣ್ವವನ್ನು ಹೆಚ್ಚಾಗಿ ತಯಾರಿಸಿಕೊಂಡು ಉಳಿಯುತ್ತವೆ ಎಂದು 2013ರಲ್ಲಿ ಕಂಡುಬಂತು. ಪ್ರಯೋಗಾಲಯದಲ್ಲಿ ಆ ಕಿಣ್ವವನ್ನು ತಡೆದಾಗ ರಕ್ಷಣೆ ಕಳಚಿತು. ಇಲಿಗಳಲ್ಲಿ ಟಿ-ರೆಗ್ ಕೋಶಗಳನ್ನು ತೆಗೆದುಹಾಕಿದಾಗ ಔಷಧ ಕೊಡುವ ರಕ್ಷಣೆಯೂ ಹೋಯಿತು. ಅಂದರೆ ಅಲ್ಲಿ ಚಿಕಿತ್ಸೆ ನಿಂತಿರುವುದೇ ಈ ಕೋಶಗಳ ಮೇಲೆ. ಅರ್ಧ ಮಾತ್ರ ಹೊಂದುವ ಬಂಧುಗಳಿಂದ, ಅಂದರೆ ತಾಯಿಯಿಂದ ಮಗನಿಗೆ, ಅಣ್ಣನಿಂದ ತಂಗಿಗೆ ಕಸಿ ಮಾಡುವುದು ಇಷ್ಟು ವ್ಯಾಪಕವಾಗಿ ಸಾಧ್ಯವಾದದ್ದರ ಹಿಂದೆ ಈ ಕ್ರಮದ ಪಾತ್ರ ದೊಡ್ಡದು. ದಾನಿಗಳ ನೋಂದಣಿಯಲ್ಲಿ ಪೂರ್ಣ ಹೊಂದಾಣಿಕೆ ಸಿಗುವುದು ದುರ್ಲಭವಾದ ನಮ್ಮಂಥ ದೇಶದಲ್ಲಂತೂ ಇದರ ಬೆಲೆಯನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

50 ಮಿಲಿಗ್ರಾಂ ಮಾತ್ರೆಯಾಗಿ ಕೊಟ್ಟರೆ ಟಿ-ರೆಗ್ ಸಾಯುತ್ತದೆ, ಕಸಿಯ ಮೂರನೆಯ ದಿನ 3,000 ಮಿಲಿಗ್ರಾಂ ಕೊಟ್ಟರೆ ಟಿ-ರೆಗ್ ಉಳಿಯುತ್ತದೆ. ಔಷಧದ ಹೆಸರನ್ನು ಹಿಡಿದು ‘ಇದು ನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ’ ಅಥವಾ ‘ಕುಗ್ಗಿಸುತ್ತದೆ’ ಎಂದು ಹೇಳುವಂತೆಯೇ ಇಲ್ಲ. ಎಷ್ಟು, ಯಾವಾಗ, ಆ ಹೊತ್ತಿಗೆ ಕೋಶ ಏನು ಮಾಡುತ್ತಿತ್ತು ಎಂಬ ಮೂರನ್ನೂ ಕೇಳಬೇಕು. ಲೇಖನಗಳು ಈ ಮೂರನ್ನೂ ಬಿಟ್ಟು ತಲೆಬರಹ ಹಾಕಿದಾಗ ರೋಗಿಯ ಮನೆಯವರಿಗೆ ಆಗುವ ತಳಮಳವನ್ನು ಓಪಿಡಿಯಲ್ಲಿ ದಿನವೂ ನೋಡುತ್ತೇನೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಹಾಗಾದರೆ ನಿಮ್ಮ ತಾಯಿಯವರ ಡೋಸ್ ಎಲ್ಲಿ ನಿಲ್ಲುತ್ತದೆ? ಸ್ತನ ಕ್ಯಾನ್ಸರ್‌ನ ಈ ಕ್ರಮದಲ್ಲಿ ಸೈಕ್ಲೋಫಾಸ್ಫಮೈಡ್ ದೇಹದ ಮೇಲ್ಮೈಯ ಚದರ ಮೀಟರಿಗೆ 600 ಮಿಲಿಗ್ರಾಂ. ಒಂದೂವರೆ ಚದರ ಮೀಟರ್ ಇರುವವರಿಗೆ 900 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಇದು ಟಿ-ರೆಗ್ ಕೋಶಗಳನ್ನು ಹೆಕ್ಕಿ ತೆಗೆಯುವ ಡೋಸ್ ಅಲ್ಲ, ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವ ಡೋಸ್. ಅದರ ಹಾದಿಯಲ್ಲಿ ಎಲ್ಲ ಬಗೆಯ ಲಿಂಫೋಸೈಟ್‌ಗಳೂ ಸ್ವಲ್ಪ ಸ್ವಲ್ಪ ನೆಲಕಚ್ಚುತ್ತವೆ. ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳು ಮತ್ತು ಸಿಡಿ4 ಕೋಶಗಳು ಪೂರ್ತಿ ಚೇತರಿಸಿಕೊಳ್ಳಲು ಕೀಮೋ ಮುಗಿದ ಮೇಲೂ ತಿಂಗಳುಗಳು ಬೇಕು. ಈ ಡೋಸನ್ನು ಇಳಿಸಿದರೆ ಟಿ-ರೆಗ್ ಲೆಕ್ಕದಲ್ಲಿ ಏನಾದರೂ ಲಾಭವಾಗುತ್ತದೆಂದು ತೋರಿಸಿದವರಿಲ್ಲ. ಕ್ಯಾನ್ಸರ್ ಮರಳುವ ಅಪಾಯ ಮಾತ್ರ ಹೆಚ್ಚುತ್ತದೆ. ಗುಣಪಡಿಸುವ ಉದ್ದೇಶದ ಕೀಮೋದಲ್ಲಿ ಡೋಸಿಗೆ ಕೈ ಹಚ್ಚುವುದು ಅಡ್ಡಪರಿಣಾಮ ತಡೆಯಲಾಗದಷ್ಟಾದಾಗ ಮಾತ್ರ, ಅದೂ ವೈದ್ಯರ ತೀರ್ಮಾನದಿಂದ.

ಅವರಿಗೆ ಡ್ರಿಪ್‌ನಲ್ಲಿ ಹೋಗುವ ಕೆಂಪು ಔಷಧ ಡಾಕ್ಸೊರುಬಿಸಿನ್. ಮರುದಿನ ಮೂತ್ರವೂ ಕೆಂಪಾದರೆ ಹೆದರಬೇಡಿ, ಅದು ಔಷಧದ ಬಣ್ಣ. ಇದು ಟಿ-ರೆಗ್ ಕೋಶಗಳನ್ನು ಗುರಿಯಿಡುವುದಿಲ್ಲ, ಆದರೆ ಇನ್ನೊಂದು ಕಡೆಯಿಂದ ನೆರವಾಗುತ್ತದೆ. ಇದರಿಂದ ಸಾಯುವ ಕ್ಯಾನ್ಸರ್ ಕೋಶ ಸದ್ದಿಲ್ಲದೆ ಸಾಯುವುದಿಲ್ಲ. ಕ್ಯಾಲ್ರೆಟಿಕ್ಯುಲಿನ್ ಎಂಬ ಒಳಗಿನ ಪ್ರೋಟೀನನ್ನು ಮೈಮೇಲೆ ತಂದು, ಎಟಿಪಿಯನ್ನು ಹೊರಕ್ಕೆ ಚೆಲ್ಲಿ, ಇಲ್ಲಿ ಏನೋ ಆಗಿದೆ ಎಂದು ನಿರೋಧಕ ಕೋಶಗಳನ್ನು ಕೂಗಿ ಕರೆಯುತ್ತಾ ಸಾಯುತ್ತದೆ. ಆಕ್ಸಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಕ್ಕೂ ಈ ಗುಣವಿದೆ, ಅದರ ಅಣ್ಣನಂತಿರುವ ಸಿಸ್‌ಪ್ಲಾಟಿನ್‌ಗೆ ಕಡಿಮೆ. ಪ್ಯಾಕ್ಲಿಟ್ಯಾಕ್ಸೆಲ್ ಟಿ-ರೆಗ್ ಕೋಶಗಳ ಸಂಖ್ಯೆಯನ್ನು ತಗ್ಗಿಸಿದ ವರದಿಗಳಿವೆ. ಫ್ಲುಡರಾಬಿನ್ ಅಂತೂ ಒಂದು ಬಗೆಯ ರಕ್ತ ಕ್ಯಾನ್ಸರ್‌ನ ರೋಗಿಗಳಲ್ಲಿ ಅವುಗಳ ಸಂಖ್ಯೆಯನ್ನೂ ಕೆಲಸವನ್ನೂ ಕುಗ್ಗಿಸಿತ್ತು. ಜೆಮ್ಸಿಟಾಬಿನ್ ಮತ್ತು 5-ಎಫ್‌ಯು ಇಲಿಗಳಲ್ಲಿ ಮುಖ್ಯವಾಗಿ ಹೊಡೆಯುವುದು ಮಜ್ಜೆಯಿಂದ ಬರುವ ಇನ್ನೊಂದು ಬಗೆಯ ದಮನಕಾರಿ ಕೋಶಗಳನ್ನು.

ಫ್ಲುಡರಾಬಿನ್ ಮತ್ತು ಸೈಕ್ಲೋಫಾಸ್ಫಮೈಡ್ ಜೋಡಿಯನ್ನು ನೀವು ಕಾರ್-ಟಿ ಚಿಕಿತ್ಸೆಯ ಸುದ್ದಿಯಲ್ಲೂ ನೋಡುತ್ತೀರಿ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡು 2023ರ ಅಕ್ಟೋಬರ್‌ನಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ನಮ್ಮ ದೇಶದ ಮೊದಲ ಕಾರ್-ಟಿ. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವಂತೆ ತಿದ್ದಿ, ಮರಳಿ ಕೊಡುತ್ತಾರೆ. ಕೊಡುವ ಕೆಲವು ದಿನ ಮೊದಲು ಈ ಜೋಡಿ ಕೀಮೋ ಕೊಡುವುದು ವಾಡಿಕೆ. ಬಿತ್ತನೆಗೆ ಮುಂಚೆ ಹೊಲ ಹಸನು ಮಾಡಿದಂತೆ, ಟಿ-ರೆಗ್ ಕೋಶಗಳನ್ನೂ, ಬೆಳವಣಿಗೆಯ ಪೋಷಕಗಳನ್ನು ಹಂಚಿಕೊಂಡು ತಿನ್ನುವ ಇತರ ಲಿಂಫೋಸೈಟ್‌ಗಳನ್ನೂ ತೆರವು ಮಾಡುವುದು ಉದ್ದೇಶ. ನಾರ್ತ್ 1982ರಲ್ಲಿ ಇಲಿಗೆ ಮಾಡಿದ್ದರ ಜಾಡು ಇಲ್ಲಿ ಕಾಣಿಸುತ್ತದೆ.

ಸಣ್ಣ ಡೋಸಿನ ಚಿಕಿತ್ಸೆಗೂ ಅದರದೇ ಜಾಗವಿದೆ. ಅದನ್ನು ಮೆಟ್ರೊನಾಮಿಕ್ ಎನ್ನುತ್ತಾರೆ, ತಾಳ ತಪ್ಪದೆ ಸಣ್ಣ ಪೆಟ್ಟುಗಳನ್ನು ಹಾಕುತ್ತಾ ಹೋಗುವ ಕ್ರಮ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮರಳಿ ಬಂದ ಅಥವಾ ಹರಡಿದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಮಾತ್ರೆಗಳನ್ನು ಹೀಗೆ ಕೊಟ್ಟು, ಸಿಸ್‌ಪ್ಲಾಟಿನ್ ಡ್ರಿಪ್‌ನೊಂದಿಗೆ ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾತ್ರೆಯವರ ಮಧ್ಯಮ ಆಯುಸ್ಸು 7.5 ತಿಂಗಳು, ಡ್ರಿಪ್‌ನವರದು 6.1 ತಿಂಗಳು. 2023ರ ಇನ್ನೊಂದು ಪ್ರಯೋಗದಲ್ಲಿ ಅದೇ ಮಾತ್ರೆಗಳ ಜೊತೆಗೆ ಎರ್ಲೊಟಿನಿಬ್ ಸೇರಿಸಿ, ಒಂದು ಗುಂಪಿಗೆ ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಬರಿಯ 20 ಮಿಲಿಗ್ರಾಂ ಕೊಟ್ಟರು. ವರ್ಷದ ಕೊನೆಗೆ ಬದುಕಿದ್ದವರು ಆ ಗುಂಪಿನಲ್ಲಿ ಶೇಕಡಾ 43.4, ಔಷಧ ಸೇರಿಸದ ಗುಂಪಿನಲ್ಲಿ 16.3. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಮನೆಮನೆಯ ಕಥೆಯಾಗಿರುವ, ಪೂರ್ತಿ ಡೋಸಿನ ಇಮ್ಯುನೊಥೆರಪಿ ಕೈಗೆಟುಕದ ನಾಡಿನಲ್ಲಿ ಇದು ನನಗೆ ತುಂಬಾ ಹೆಮ್ಮೆಯ ಕೆಲಸ. ಆದರೆ ಅದರ ಶ್ರೇಯವನ್ನು ಟಿ-ರೆಗ್ ಖಾತೆಗೆ ಬರೆಯಬೇಡಿ. ಆ ಪ್ರಯೋಗಗಳು ಎಣಿಸಿದ್ದು ರೋಗಿಗಳು ಬದುಕಿದ ಕಾಲವನ್ನು. ಗುಣಪಡಿಸುವ ಅವಕಾಶ ಮುಗಿದವರಲ್ಲಿ ಮಾಡಿದ ಪ್ರಯೋಗಗಳು ಅವು ಎಂಬುದೂ ಮುಖ್ಯ. ನಿಮ್ಮ ತಾಯಿಯವರ ಸ್ಥಿತಿ ಹಾಗಲ್ಲ.

ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ದಿನಕ್ಕೆ 50 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್ ಕೊಟ್ಟ ಒಂದು ಸಣ್ಣ ಜರ್ಮನ್ ಅಧ್ಯಯನ 2012ರಲ್ಲಿ ಬಂತು. ಟಿ-ರೆಗ್ ಕೋಶಗಳು ಮೊದಲ ವಾರಗಳಲ್ಲಿ ಇಳಿದವು. ಔಷಧ ನಿಲ್ಲಿಸದೆ ಕೊಡುತ್ತಿದ್ದರೂ ಆರನೆಯ ವಾರದ ಹೊತ್ತಿಗೆ ಮೊದಲಿನ ಮಟ್ಟಕ್ಕೇ ಬಂದವು. ಹುಲ್ಲು ಸವರಿದ ಜಾಗದಲ್ಲಿ ಗರಿಕೆ ಮೊದಲು ಚಿಗುರುವಂತೆ, ಲಿಂಫೋಸೈಟ್‌ಗಳು ಖಾಲಿಯಾದ ದೇಹದಲ್ಲಿ ಟಿ-ರೆಗ್ ಬೇಗನೆ ತಲೆ ಎತ್ತುತ್ತದೆ. ಆದರೂ ಗಡ್ಡೆಯನ್ನು ಗುರುತಿಸುವ ಟಿ ಕೋಶಗಳಲ್ಲಿ ಆದ ಏರಿಕೆ ಉಳಿದುಕೊಂಡಿತು. ಮೂಗುದಾರ ಸ್ವಲ್ಪ ಹೊತ್ತು ಸಡಿಲವಾದದ್ದೇ ಸಾಕಾಯಿತೇನೋ.

ಇದೇ ಕಾರಣಕ್ಕೆ ರಕ್ತದಲ್ಲಿ ಟಿ-ರೆಗ್ ಎಣಿಸುವ ಪರೀಕ್ಷೆ ಮಾಡಿಸಬೇಡಿ. ಒಂದು ಲೆಕ್ಕ ನೋಡಿ. ಕೀಮೋಗೆ ಮೊದಲು 1,000 ಸಿಡಿ4 ಕೋಶಗಳಲ್ಲಿ 80 ಟಿ-ರೆಗ್ ಇದ್ದರೆ ಅದು ಶೇಕಡಾ 8. ಆಮೇಲೆ ಸಿಡಿ4 ಕೋಶಗಳು 300ಕ್ಕೆ ಇಳಿದು ಟಿ-ರೆಗ್ 45 ಉಳಿದರೆ ಅದು ಶೇಕಡಾ 15. ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ, ಶೇಕಡಾವಾರು ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ವರದಿಯಲ್ಲಿ ಯಾವುದನ್ನು ಬರೆದಿದ್ದಾರೆ ಎಂಬುದರ ಮೇಲೆ ನೀವು ಖುಷಿಪಡುತ್ತೀರಿ ಅಥವಾ ನಿದ್ದೆಗೆಡುತ್ತೀರಿ. ಅಲ್ಲದೆ ಗಡ್ಡೆಯೊಳಗೆ ನಡೆಯುವುದನ್ನು ರಕ್ತ ಹೇಳುವುದಿಲ್ಲ. 2008ರಲ್ಲಿ ಫ್ರಾನ್ಸಿನಿಂದ ಬಂದ ಅಧ್ಯಯನವೊಂದು ನಿಮ್ಮ ತಾಯಿಯವರಂತೆಯೇ ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಪಡೆದ ಸ್ತನ ಕ್ಯಾನ್ಸರ್ ರೋಗಿಗಳ ಅಂಗಾಂಶವನ್ನು ನೋಡಿತು. ಕ್ಯಾನ್ಸರ್ ಪೂರ್ತಿ ಕರಗಿದವರ ಸ್ತನದಲ್ಲಿ ಫಾಕ್ಸ್‌ಪಿ3 ಕೋಶಗಳು ಮಾಯವಾಗಿದ್ದವು, ಕೊಲ್ಲುವ ಟಿ ಕೋಶಗಳು ಉಳಿದಿದ್ದವು. ಕೀಮೋ ಆ ಕೋಶಗಳನ್ನು ತೆಗೆದದ್ದರಿಂದ ಕ್ಯಾನ್ಸರ್ ಕರಗಿತೋ, ಕ್ಯಾನ್ಸರ್ ಕರಗಿದ್ದರಿಂದ ಕರೆಯುವವರಿಲ್ಲದೆ ಅವು ಹೊರಟುಹೋದವೋ ಎಂಬುದನ್ನು ಅಂಥ ಅಧ್ಯಯನದಿಂದ ಬಿಡಿಸಲಾಗದು. ನಿಮ್ಮ ತಾಯಿಯವರ ಶಸ್ತ್ರಚಿಕಿತ್ಸೆಯ ನಂತರ ಬರುವ ಬಯಾಪ್ಸಿ ವರದಿಯಲ್ಲಿ ನೀವು ಹುಡುಕಬೇಕಾದದ್ದು ಕ್ಯಾನ್ಸರ್ ಎಷ್ಟು ಉಳಿದಿದೆ ಎಂಬುದನ್ನು. ಮುಂದಿನ ಚಿಕಿತ್ಸೆ ನಿರ್ಧಾರವಾಗುವುದು ಅದರ ಮೇಲೆ.

ಕಷಾಯದ ವಿಷಯ. ಕೊಡಬೇಡಿ. ನೆಂಟರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ‘ನಿರೋಧಕ ಶಕ್ತಿ ಹೆಚ್ಚಿಸುವ’ ಕಷಾಯ ಯಾವ ಕೋಶವನ್ನು ಹೆಚ್ಚಿಸಬೇಕು? ಕೊಲ್ಲುವುದನ್ನೋ, ತಡೆಯುವುದನ್ನೋ? ಕೌಂಟ್ ಏರಿಸಲು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಕೂಡ ಏರಿಸುವುದು ಮುಖ್ಯವಾಗಿ ನ್ಯೂಟ್ರೋಫಿಲ್ ಎಂಬ ಒಂದು ಬಗೆಯ ಕೋಶವನ್ನು. ಇನ್ನೂ ಗಂಭೀರವಾದದ್ದು ಯಕೃತ್ತಿನ ಮಾತು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದರು. ಸೈಕ್ಲೋಫಾಸ್ಫಮೈಡ್ ಚುರುಕಾಗುವುದು ಯಕೃತ್ತಿನಲ್ಲಿ, ಡಾಕ್ಸೊರುಬಿಸಿನ್ ಹೊರಹೋಗುವುದೂ ಬಹುಪಾಲು ಅದರ ಮೂಲಕವೇ. ಅಲ್ಲಿ ಏರುಪೇರಾದರೆ ಮುಂದಿನ ಸೈಕಲ್ ಮುಂದೂಡಬೇಕಾಗುತ್ತದೆ. ಅಮ್ಮನಿಗೆ ರುಚಿಸುವ ಬಿಸಿ ಬಿಸಿ ಊಟ, ಬೇಯಿಸಿದ ಬೇಳೆ, ಮೊಟ್ಟೆ, ಅಭ್ಯಾಸವಿದ್ದರೆ ಮೀನು ಕೊಡಿ. ಈಗಾಗಲೇ ಕಷಾಯ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಅವರು ಬೈದರೂ ಪರವಾಗಿಲ್ಲ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಕೀಮೋ ನಡೆಯುತ್ತಿರುವಾಗ, ಅದರಲ್ಲೂ ಔಷಧ ಕೊಟ್ಟ ಎರಡನೆಯ ವಾರದಲ್ಲಿ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರವನ್ನು ಮರೆಮಾಚಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಕರೆದೊಯ್ದು, ‘ಕೀಮೋ ನಡೆಯುತ್ತಿದೆ, ಜ್ವರ ಬಂದಿದೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿ.